ಉಬ್ಬಿದ ಹಿಟ್ಟು ಕಾಯುವುದಿಲ್ಲ

ಎಡಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ಸಣ್ಣಿ ತೋಳನ್ನು ಸುರುಟಿ, ಹಸುಗೂಸಿಗೆ ಅಂಗಿ ತೊಡಿಸುವವರ ಹಾಗೆ ತುದಿಯಿಂದ ತನ್ನ ಕೈ ತೂರಿಸಿ, ಒಳಗಿನ ತಣ್ಣನೆಯ ಬೆರಳುಗಳನ್ನು ಹಿಡಿದು ಮೆಲ್ಲಗೆ ಎಳೆದಳು.

"ಬಾ ತಾಯಿ, ಬಾ. ಬದುಕಿದ್ದಾಗಲೇ ನನ್ನ ಮಾತು ಕೇಳಿದವಳಲ್ಲ, ಈಗ ಕೇಳ್ತೀಯಾ?"

ಮಂಚದ ಆ ಬದಿಯಲ್ಲಿ ಮಗಳು ತಾಯಿಯ ಭುಜವನ್ನು ಎತ್ತಿ ಹಿಡಿದಿದ್ದಳು. "ಗಿಡ್ಡ ತೋಳಿಂದು ಹಾಕೋಣ್ವಾ ಚಿಕ್ಕಮ್ಮ? ಸುಲಭ ಆಗತ್ತೆ."

"ಬೇಡ. ಬಯ್ತಾಳೆ."

ಹೇಳಿದ ಮೇಲೆ ಸಣ್ಣಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮಗಳು ಮಾತ್ರ ತಲೆಯಾಡಿಸಿ, "ಹೌದು, ಬಯ್ತಾಳೆ" ಎಂದಳು, ತಾಯಿ ಪಕ್ಕದ ಕೋಣೆಯಲ್ಲಿ ಇದ್ದಾಳೆ ಎಂಬ ಹಾಗೆ.

ಹೋದವಳ ಮುಂಗೈಯಿಂದ ಮೊಣಕೈವರೆಗೆ ಅಡ್ಡಡ್ಡ ಗೆರೆಗಳಿದ್ದವು. ಕೆಲವು ಬಿಳಿ, ಕೆಲವು ಕಂದು. ಬೇಕರಿಯ ಭಟ್ಟಿಯ ಬಾಯಿಗೆ ಕೈಹಾಕಿ ಹಾಕಿ ಆದ ಸುಟ್ಟ ಗಾಯಗಳು. ಆ ಗೆರೆಗಳಿಗಾಗಿಯೇ ಅವಳು ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಬಿಟ್ಟವಳಲ್ಲ. ಆ ಭಟ್ಟಿಯಿಂದಾಗಿಯೇ ಬೀದಿಗೆಲ್ಲ ಅವಳು ಭಟ್ಟಿಯಕ್ಕ. ಸಣ್ಣಿ ಅವಳ ನೆಂಟಳೇನಲ್ಲ. ಲಂಗ ಮೇಲೆತ್ತಿ ಸಿಕ್ಕಿಸಿಕೊಂಡು ಕೆಲಸಕ್ಕೆ ಸೇರಿದಾಗ ಬೇಕರಿಯಲ್ಲಿ ಎಲ್ಲರಿಗಿಂತ ಸಣ್ಣವಳಾಗಿದ್ದಳು, ಹೆಸರು ಹಾಗೇ ಉಳಿಯಿತು. ಈಗ ಬಾಗಿಲಲ್ಲಿ ಓರೆಯಾಗಿ ಬರಬೇಕಾದಷ್ಟು ದಪ್ಪವಾಗಿದ್ದರೂ ಸಣ್ಣಿಯೇ.

ತೋಳು ಕೊನೆಗೂ ಏರಿತು. ಮಗಳು ಗುಂಡಿ ಹಾಕತೊಡಗಿದಳು. ಮೇಲಿನಿಂದ ಕೆಳಗೆ, ಒಂದೂ ತಪ್ಪದೆ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಎದುರಿಗೆ ಊರೇ ಮುಗಿಬಿದ್ದರೂ ದನಿ ಏರಿಸದೆ "ಮುಂದಿನವರು" ಎನ್ನುವವಳು.

ಆಗ ಹೊರಗಿನ ಕೋಣೆಯಿಂದ ರೇಡಿಯೋ ಮಾವನ ಪಿಸುಮಾತು ಕೇಳಿಸಿತು. ಆತ ಭಟ್ಟಿಯಕ್ಕನ ತಮ್ಮ. ಅವನ ಪಿಸುಮಾತೆಂದರೆ ಬೇರೆಯವರ ಕೂಗು.

"...ಅದೇ ಕೇಸು ಕಣ್ರೀ. ನಮ್ಮಕ್ಕ ಸಾಕ್ಷಿ ಕಟ್ಟೆ ಹತ್ತಿ ಮಾತು ತಿರುಗಿಸಿಬಿಟ್ಲು. ಇಲ್ದಿದ್ರೆ ಆ ಬೇಕರಿ ಮೇಸ್ತ್ರಿ ಕಂಬಿ ಎಣಿಸ್ಬೇಕಿತ್ತು."

"ಯಾವ ಕೇಸು?" ಎಂದರು ಪಕ್ಕದ ಮನೆಯ ಟೈಲರ್.

"ಒಳಗಿದ್ದಾಳಲ್ಲ, ಅವಳದ್ದೇ. ಮೇಸ್ತ್ರಿ ಕೈಹಾಕಿದ, ಕೆಡಿಸಿದ ಅಂತ. ಪಾಪ, ನಮ್ಮಕ್ಕನ್ನ ಹೆದರಿಸಿದ್ರೋ ಏನೋ. ಬಸುರಿ ಬೇರೆ. ಹೊಟ್ಟೇಲಿರೋ ಕೂಸಿಗೋಸ್ಕರ ಹೆಂಗಸ್ರು ಏನು ತಾನೆ ಮಾಡಲ್ಲ?"

ಮಗಳ ಕೈ ಕೊನೆಯ ಗುಂಡಿಯ ಮೇಲೆ ನಿಂತಿತು. ಆಮೇಲೆ ಅದನ್ನೂ ಹಾಕಿದಳು.

* * *

ಆ ಮಧ್ಯಾಹ್ನವನ್ನು ಯಾರಿಗಾದರೂ ಹೇಳಬೇಕಾದಾಗಲೆಲ್ಲ ಸಣ್ಣಿಗೆ ಅದು ಕೈಯಿಂದ ಜಾರುತ್ತಿತ್ತು. ಪೊಲೀಸ್ ಠಾಣೆಯಲ್ಲಿ ಊಟಕ್ಕೆ ಮೊದಲು ಎಂದಿದ್ದಳು. ಕೋರ್ಟಿನಲ್ಲಿ ಊಟ ಆದಮೇಲೆ ಎಂದಳು. ಊಟದ ಡಬ್ಬಿ ಬಿಚ್ಚಿದ್ದು ನೆನಪಿತ್ತು, ತಿಂದದ್ದು ನೆನಪಿರಲಿಲ್ಲ.

ನೆನಪಿದ್ದದ್ದು ಇಷ್ಟು: ಹಿಟ್ಟಿನ ಕೋಣೆ. ಮೈದಾ ಮೂಟೆಯ ಮೇಲೆ ಒಂದು ಹಕ್ಕಿಯ ಚಿತ್ರ, ತಲೆಕೆಳಗಾಗಿ. ಗೋಡೆಯಾಚೆ ಹಿಟ್ಟು ನಾದುವ ಯಂತ್ರದ ಗಡಗಡ. ಬಾಯಿ ಮೇಲೆ ಒಂದು ಕೈ, ಅದಕ್ಕೆ ಡಾಲ್ಡಾದ ವಾಸನೆ. ತಾನು ಕೂಗಿದೆನೋ, ಕೂಗಬೇಕೆಂದುಕೊಂಡೆನೋ ಅವಳಿಗೆ ತಿಳಿಯದು. ಆ ಯಂತ್ರ ತಿರುಗುವಾಗ ಆನೆ ಘೀಳಿಟ್ಟರೂ ಪಕ್ಕದವರಿಗೆ ಕೇಳಿಸುತ್ತಿರಲಿಲ್ಲ. ಹಾಡಹಗಲು. ಕೆಲಸದವರೆಲ್ಲ ಊಟ ಮುಗಿಸಿ ಹೊರಗಿನ ನೆರಳಲ್ಲಿ ಕಾಲು ಚಾಚಿದ್ದರು.

ಹೊರಗೆ ಬಂದಾಗ ಹಿಟ್ಟಿನ ತೊಟ್ಟಿ ಕಣ್ಣಿಗೆ ಬಿತ್ತು. ಸಂಜೆಯ ಬ್ರೆಡ್ಡಿಗೆ ಕಲಸಿಟ್ಟದ್ದು ಉಬ್ಬಿ, ಮೇಲೆ ಹೊದಿಸಿದ ಬಟ್ಟೆಯನ್ನೇ ಎತ್ತಿ, ಅಂಚು ದಾಟಿ ಇಳಿಯುವುದರಲ್ಲಿತ್ತು. ಕೆಲಸಕ್ಕೆ ಬಂದ ಮೊದಲ ದಿನ ಭಟ್ಟಿಯಕ್ಕ ಹೇಳಿಕೊಟ್ಟ ಪಾಠವೇ ಅದು. "ಗಂಡ ಕಾಯ್ತಾನೆ, ಮಕ್ಕಳು ಕಾಯ್ತಾರೆ, ಯಮನೂ ಬಾಗಿಲಲ್ಲಿ ಒಂದು ಗಳಿಗೆ ಕಾದಾನು. ಉಬ್ಬಿದ ಹಿಟ್ಟು ಕಾಯಲ್ಲ ಕಣೇ."

ಸಣ್ಣಿ ಕೈ ತೊಳೆದಳು. ಹಿಟ್ಟನ್ನು ಗುದ್ದಿ ಇಳಿಸಿದಳು. ಕತ್ತರಿಸಿದಳು, ತೂಗಿದಳು, ಉರುಟಿ ಬ್ರೆಡ್ಡಿನ ಡಬ್ಬಿಗಳಲ್ಲಿ ಇಟ್ಟಳು. ಭಟ್ಟಿಯಕ್ಕ ಸೆರಗಿನಿಂದ ಬಾಯಿ ಒರೆಸುತ್ತ ಬಂದು, ಉದ್ದ ಹಿಡಿಯ ಹಲಗೆಯಿಂದ ಡಬ್ಬಿಗಳನ್ನು ಭಟ್ಟಿಗೆ ನೂಕಿದಳು. ಬ್ರೆಡ್ಡು ಹೊಂಬಣ್ಣಕ್ಕೆ ಬಂದು ಎದ್ದು ನಿಂತಾಗ, "ಇವತ್ತೇನೇ ಹೀಗೆ ಎದ್ದಿದೆ, ಮದುವೆ ಹೆಣ್ಣಿನ ಕೆನ್ನೆ ಇದ್ದ ಹಾಗೆ!" ಎಂದು ನಕ್ಕಳು. ಸಂಜೆ ಮೇಸ್ತ್ರಿ ಟ್ರೇ ಎತ್ತಿಕೊಳ್ಳಲು ಬಂದ. ಏನೂ ಆಗದವನಂತೆ ಬಂದ. ಸಣ್ಣಿ ಟ್ರೇಯನ್ನು ಅವನ ಕೈಗೆ ಕೊಟ್ಟಳು.

"ಬಿಸಿ ಇದೆ, ಜೋಪಾನ," ಎಂದಳು.

ತನ್ನ ಬಾಯಿಂದ ಆ ಮಾತು ಬಂದದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಆ ದಿನದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿರುವುದೇ ಅದು.

* * *

ಅಡುಗೆಮನೆಯಲ್ಲಿ ಮಗಳು ಬಂದವರಿಗೆ ಚಹಾ ಸೋಸುತ್ತಿದ್ದಳು. ಮಾವನಿಗೆ ಸಕ್ಕರೆ ಜಾಸ್ತಿ, ಟೈಲರಿಗೆ ಇಲ್ಲವೇ ಇಲ್ಲ, ಎದುರುಮನೆ ಅಜ್ಜಿಗೆ ಅರ್ಧ ಲೋಟ. ಒಂದೂ ಅದಲುಬದಲಾಗಲಿಲ್ಲ. ಲೋಟಗಳನ್ನು ಹೊರಗೆ ಕೊಟ್ಟು ಬಂದು ಬಾಗಿಲು ಮುಂದೆ ಮಾಡಿದಳು.

"ಚಿಕ್ಕಮ್ಮ, ಮಾವ ಹೇಳಿದ್ದು ಕೇಳಿಸ್ತಲ್ಲ?"

"ನಿಮ್ಮ ಮಾವ ಹೇಳಿದ್ದು ಆ ಕೊನೆ ಬೀದೀಗೂ ಕೇಳಿಸಿರತ್ತೆ."

"ತಮಾಷೆ ಬೇಡ. ನನಗೆ ಅಲ್ಲೊಂದು ಇಲ್ಲೊಂದು ಮಾತು ಮುಂಚೇನೂ ಕಿವಿಗೆ ಬಿದ್ದಿತ್ತು. ಅಮ್ಮನ್ನ ಕೇಳಿದ್ರೆ ಎದ್ದು ಹೋಗೋಳು. ನನಗೋಸ್ಕರ ಅಂತ ಇವತ್ತೇ ಗೊತ್ತಾಗಿದ್ದು." ಅವಳ ದನಿ ಕೌಂಟರಿನ ದನಿಯೇ. "ನಾನು ಹೊಟ್ಟೇಲಿದ್ದೆ ಅಂತ ಹೆದರಿ ಅಮ್ಮ ಸುಳ್ಳು ಹೇಳಿದ್ಲಾ?"

"ಇಲ್ಲ ಪುಟ್ಟಿ. ನಿಮ್ಮಮ್ಮ ಯಾರಿಗೂ ಹೆದರಲಿಲ್ಲ. ಸುಳ್ಳು ಹೇಳಲಿಲ್ಲ."

"ನಿಜಾನೇ ಹೇಳಿದ್ಲಾ?"

"ನಿಜಾನೇ."

ಮಗಳ ಮನಸ್ಸು ಎತ್ತ ಹೋಗುತ್ತಿದೆ ಎಂದು ಸಣ್ಣಿಗೆ ತಿಳಿಯಿತು. ಆ ದಾರಿಯಲ್ಲಿ ಹಿಂದೆ ಎಷ್ಟೋ ಜನ ಹೋಗಿದ್ದರು.

"ಅಮ್ಮ ಹೇಳಿದ್ದು ನಿಜ ಆದ್ರೆ... ನೀನು ಹೇಳಿದ್ದು?"

"ನಾನು ಹೇಳಿದ್ದೂ ನಿಜಾನೇ."

"ಅದು ಹೇಗೆ ಚಿಕ್ಕಮ್ಮ? ಒಂದೇ ಸೀಟಿಗೆ ಇಬ್ಬರಿಗೆ ಟಿಕೆಟ್ ಕೊಟ್ಟ ಹಾಗಾಯ್ತಲ್ಲ."

ಸಣ್ಣಿ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದಳು.

"ಇನ್ನೊಂದು ಸ್ವಲ್ಪ ಹೊತ್ತಿಗೆ ಅವಳನ್ನ ಕಳಿಸಿಬಿಡ್ತೀನಿ," ಎಂದಳು ಮಗಳು. "ಯಾರನ್ನ ಕಳಿಸ್ತಾ ಇದ್ದೀನಿ ಅಂತ ಗೊತ್ತಾಗ್ಬೇಕು ನನಗೆ. ನಿನ್ನ ಬಾಳು ಹಾಳು ಮಾಡಿದವಳನ್ನೋ, ಏನು? ಅಥವಾ ನೀನೇ..." ಮುಂದಿನದನ್ನು ಅವಳು ಹೇಳಲಿಲ್ಲ. ಒಲೆಯ ಸುತ್ತ ಚೆಲ್ಲಿದ ಹಾಲನ್ನು ಬಟ್ಟೆಯಿಂದ ಒರೆಸಿದಳು.

* * *

ಕೇಸು ಕೂಗುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಆ ದಿನದ ಬಟ್ಟೆಯನ್ನು ಸಣ್ಣಿ ಅವತ್ತೇ ಒಗೆದು ಒಣಗಿಸಿದ್ದಳು. ಡಾಕ್ಟರ ಹತ್ತಿರ ಹೋಗುವ ವೇಳೆಗೆ ಮೈಮೇಲೆ ಹೇಳಿಕೊಳ್ಳುವಂಥ ಗುರುತೊಂದೂ ಉಳಿದಿರಲಿಲ್ಲ. ಉಳಿದದ್ದು ಅವಳ ಮಾತು, ಭಟ್ಟಿಯಕ್ಕನ ಮಾತು.

ಭಟ್ಟಿಯಕ್ಕ ಸಣ್ಣಿಯ ಕಡೆಯ ಸಾಕ್ಷಿ. ತುಂಬಿದ ಬಸುರಿ, ಕಟಕಟೆಯ ಅಂಚು ಹಿಡಿದು ನಿಂತಿದ್ದಳು. ಮೇಸ್ತ್ರಿಯ ವಕೀಲರು ಕೂಗಾಡುವವರಲ್ಲ. ತುಂಬ ಮರ್ಯಾದಸ್ಥರು. "ಸುಸ್ತಾದರೆ ಕೂತ್ಕೊಂಡೇ ಹೇಳಿ ತಾಯಿ," ಎಂದರು.

"ಬೇಡಿ. ನಿಂತು ಅಭ್ಯಾಸ."

"ಆವತ್ತು ಸಂಜೆ ಬ್ರೆಡ್ಡಿಗೆ ಹಿಟ್ಟು ಕತ್ತರಿಸಿ ಡಬ್ಬಿಗೆ ಇಟ್ಟವರು ಯಾರು?"

"ಸಣ್ಣಿ."

"ನೀವು ನೋಡಿದಿರಾ?"

"ಪಕ್ಕದಲ್ಲೇ ಇದ್ದೆ."

"ಅಳ್ತಾ ಇದ್ದರಾ?"

"ಇಲ್ಲ ಸ್ವಾಮಿ."

"ಕೈ ನಡುಗ್ತಾ ಇತ್ತಾ?"

ಭಟ್ಟಿಯಕ್ಕ ಯೋಚಿಸಿದಳು. ದೂರದ ಬೆಂಚಿನಲ್ಲಿ ಕೂತಿದ್ದ ಸಣ್ಣಿಗೆ ಅವಳು ಯೋಚಿಸುವುದು ಕಾಣಿಸಿತು. ಭಟ್ಟಿಯೊಳಗೆ ಬಗ್ಗಿ ಬಣ್ಣ ನೋಡುವಾಗ ಹುಬ್ಬು ಗಂಟಿಕ್ಕುವ ಹಾಗೆಯೇ. ಅಂದಾಜಿಗೆ ಏನನ್ನೂ ಹೇಳಿದವಳಲ್ಲ ಅವಳು.

"ಇಲ್ಲ. ನಡುಗಿದ್ರೆ ತೂಕ ತಪ್ಪತ್ತೆ. ತಪ್ಪಿರಲಿಲ್ಲ."

"ಬ್ರೆಡ್ಡು ಹೇಗಿತ್ತು ತಾಯಿ?"

ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು.

"ಚೆನ್ನಾಗಿತ್ತು."

"ಯಾವಾಗಿನ ಹಾಗೇ?"

"ಯಾವಾಗಿನದಕ್ಕಿಂತ ಒಂದು ಕೈ ಮೇಲೆ."

"ಮೇಸ್ತ್ರಿ ಟ್ರೇ ತಗೊಳ್ಳೋಕೆ ಬಂದಾಗ ಈಕೆ ಏನಂದರು?"

"ಬಿಸಿ ಇದೆ, ಜೋಪಾನ ಅಂದ್ಲು."

"ಜೋಪಾನ," ಎಂದು ವಕೀಲರು ಮೆಲ್ಲಗೆ ಹೇಳಿಕೊಂಡರು. ನ್ಯಾಯಾಧೀಶರ ಕಡೆ ತಿರುಗಿದರು. "ಒಂದು ಹೆಣ್ಣಿಗೆ ಆಗಬಾರದ್ದು ಆಗಿದೆ, ಅದೂ ಇವನಿಂದ. ಆ ಹೆಣ್ಣು ಅವನ ಬೆರಳು ಸುಟ್ಟೀತು ಅಂತ ಚಿಂತೆ ಮಾಡ್ತಾಳಾ, ಸ್ವಾಮಿ?"

ಅದು ಯಾರನ್ನೂ ಕೇಳಿದ್ದಲ್ಲ.

"ಆದ್ರೆ ಸ್ವಾಮಿ—" ಎಂದಳು ಭಟ್ಟಿಯಕ್ಕ.

"ಆಯ್ತು ತಾಯಿ, ಕೇಳಿದ್ದಕ್ಕಷ್ಟೇ ಉತ್ತರ. ನೀವಿನ್ನು ಇಳೀಬಹುದು."

ತಮ್ಮ ಕಡೆಯ ವಕೀಲರು ಏನಾದರೂ ಕೇಳಿಯಾರೆಂದು ಅವಳು ಅವರತ್ತ ನೋಡಿದಳು. ಅವರು ಮುಂದಿನ ಕೇಸಿನ ಕಾಗದ ತಿರುವುತ್ತಿದ್ದರು. ಭಟ್ಟಿಯಕ್ಕ ಹೊಟ್ಟೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ನ್ಯಾಯಾಧೀಶರು ಕೆಟ್ಟವರಾಗಿರಲಿಲ್ಲ. ಸಣ್ಣಿ ಸುಳ್ಳು ಹೇಳಿದಳೆಂದು ಅವರು ತೀರ್ಪಿನಲ್ಲಿ ಎಲ್ಲೂ ಹೇಳಲಿಲ್ಲ. ಸಂಶಯ ಉಳಿಯುತ್ತದೆ ಎಂದರು, ಅಷ್ಟೆ. ಮೇಸ್ತ್ರಿ ಮನೆಗೆ ಹೋದ. ಆಮೇಲೆ ಬೇರೆ ಊರಿಗೆ ಹೋಗಿ ಸ್ವಂತ ಬೇಕರಿ ಹಾಕಿದನಂತೆ.

ಕೋರ್ಟಿನಿಂದ ಬಸ್ಸಿನಲ್ಲಿ ಸಣ್ಣಿ, ಭಟ್ಟಿಯಕ್ಕ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರು. ಸಣ್ಣಿಗೆ ಸಿಟ್ಟು ಬಂದಿತ್ತೆ? ಬಂದಿರಬೇಕು. ಆದರೆ ಯಾರ ಮೇಲೆ? ನಡೆದದ್ದನ್ನು ನಡೆದ ಹಾಗೆ ಹೇಳಿದವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದು. ವಕೀಲರ ಮಾತು ಕೇಳುತ್ತ ಕೇಳುತ್ತ ಅವಳಿಗೂ ಅನ್ನಿಸಿತ್ತು: ಹೌದಲ್ಲ, ಹಾಗೆ ಆಗಿದ್ದವಳು ಜೋಪಾನ ಎನ್ನುತ್ತಾಳೆಯೇ? ಒಂದು ಗಳಿಗೆ ತನ್ನನ್ನು ತಾನೇ ನಂಬಲಿಲ್ಲ. ಆ ಒಂದು ಗಳಿಗೆಯನ್ನು ಅವಳು ಇಂದಿಗೂ ಯಾರಿಗೂ ಹೇಳಿಲ್ಲ.

ಆಮೇಲೆ ಇಬ್ಬರೂ ಬೇರೆ ಕಡೆ ಭಟ್ಟಿ ಬಾಡಿಗೆಗೆ ಹಿಡಿದರು. ತಲೆ ನರೆಯುವವರೆಗೂ ಅಕ್ಕಪಕ್ಕ ನಿಂತು ಬೇಯಿಸಿದರು. ಬನ್ನಿಗೆ ಎಳ್ಳು ಉದುರಿಸುತ್ತಿದ್ದಾಗ ಒಮ್ಮೆ ಸಣ್ಣಿ ಕೇಳಿದ್ದಳು. "ಅಕ್ಕ, ಆವತ್ತು ಆದ್ರೆ ಅಂದೆಯಲ್ಲ, ಮುಂದೆ ಏನು ಹೇಳೋಕೆ ಹೊರಟಿದ್ದೆ?"

ಭಟ್ಟಿಯಕ್ಕ ಸೌದೆಯೊಂದನ್ನು ಬೆಂಕಿಗೆ ನೂಕಿದಳು. "ಗೊತ್ತಿಲ್ಲ ಕಣೇ. ಏನೋ ಇತ್ತು, ಬಾಯಿ ತುದೀಲಿ. ಇಳಿ ಅಂದ್ರು. ಇಳಿಯೋ ಹೊತ್ತಿಗೆ ಎಲ್ಲಾ ಕಲಸಿಹೋಗಿತ್ತು."

* * *

"ಕೂತ್ಕೋ," ಎಂದಳು ಸಣ್ಣಿ. ಮಗಳು ಕೂರಲಿಲ್ಲ. ಸಣ್ಣಿಯೇ ಸ್ಟೂಲು ಎಳೆದು ಕೂತಳು.

"ನಾನು ಯಾರಿಗೂ ಹೇಳಿರಲಿಲ್ಲ. ಮರುದಿನಾನೂ ಕೆಲಸಕ್ಕೆ ಹೋದೆ, ಅದರ ಮರುದಿನಾನೂ. ಹೀಗೇ ಎಷ್ಟೋ ದಿನ. ಒಂದಿನ ನಿಮ್ಮಮ್ಮ ಒಳಗಿಂದ ಒಂದು ಬುಟ್ಟಿ ಮೈದಾ ತಗೊಂಡು ಬಾ ಅಂದ್ಲು. ಹಿಟ್ಟಿನ ಕೋಣೆ ಬಾಗಿಲವರೆಗೆ ಹೋದೆ. ಕಾಲು ಮುಂದಕ್ಕೆ ಬರ್ಲಿಲ್ಲ. ಹೊಸ್ತಿಲಲ್ಲೇ ಕುಸಿದು ಕೂತೆ. ಬಂದು ನೋಡಿದ್ಲು. ಏನಾಯ್ತೇ ಅಂದ್ಲು. ಹೇಳ್ದೆ. ಪೂರ್ತಿ ಹೇಳ್ಲಿಲ್ಲ, ಹೇಳೋಕೆ ಬರ್ಲಿಲ್ಲ. ಅರ್ಧ ಹೇಳಿದ್ದೆ, ಅಷ್ಟರಲ್ಲಿ ಅವಳು ಸೊಂಟಕ್ಕೆ ಕಟ್ಟಿದ್ದ ಕೈ ಒರೆಸೋ ಬಟ್ಟೆ ಬಿಚ್ಚಿ ಬಿಸಾಕಿದ್ಲು."

"ಆಮೇಲೆ?"

"ತೊಟ್ಟಿ ತುಂಬ ಹಿಟ್ಟು ಉಬ್ಬಿ ನಿಂತಿತ್ತು ಪುಟ್ಟಿ. ಭಟ್ಟಿ ತುಂಬ ಬ್ರೆಡ್ಡು ಇತ್ತು. ಅಷ್ಟನ್ನೂ ಹಾಗೇ ಬಿಟ್ಲು. ನನ್ನ ಕೈ ಹಿಡಿದು ಎಬ್ಬಿಸಿ, ಹೊರಗಿನ ಬಾಗಿಲು ದಾಟಿಸಿ, ನಡಿ ಠಾಣೆಗೆ ಅಂದ್ಲು. ಬೀದಿ ತುದಿ ಮುಟ್ಟೋ ಹೊತ್ತಿಗೆ ಕರಕಲು ವಾಸನೆ ಬಂತು. ಯಜಮಾನ ಹಿಂದಿಂದ ಕೂಗ್ತಾ ಇದ್ದ, ಸುಟ್ಟೋಗ್ತಿದೆ, ಸುಟ್ಟೋಗ್ತಿದೆ ಅಂತ. ನಿಮ್ಮಮ್ಮ ತಿರುಗಿ ನೋಡ್ಲಿಲ್ಲ. ಜ್ವರ ಬಂದು ಸಾಯೋ ಹಾಗಿದ್ದಾಗಲೂ ಒಂದು ಬನ್ನು ಸೀಯೋಕೆ ಬಿಟ್ಟವಳಲ್ಲ ಅವಳು."

ಮಗಳು ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ತಾಯಿ ಸೀಯುತ್ತಿದ್ದ ಬ್ರೆಡ್ಡನ್ನು ಬಿಟ್ಟು ನಡೆಯುವುದನ್ನು ಅವಳು ಕಣ್ಣಮುಂದೆ ತಂದುಕೊಳ್ಳಲು ನೋಡುತ್ತಿದ್ದಂತಿತ್ತು.

"ಇದನ್ನ ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ ಅವಳು?"

"ಯಾರೂ ಕೇಳ್ಲಿಲ್ಲ. ಅವಳಿಗೆ ಬ್ರೆಡ್ಡು ಹೇಗಿತ್ತು ಅಂತ ಕೇಳಿದ್ರು. ಚೆನ್ನಾಗಿತ್ತು ಅಂದ್ಲು. ಚೆನ್ನಾಗೇ ಇತ್ತು."

"ನೀನು ಆವತ್ತು ಅದನ್ನ ಮಾಡಿದ್ದಾದ್ರೂ ಯಾಕೆ ಚಿಕ್ಕಮ್ಮ?" ಮಗಳ ದನಿ ಮೊದಲ ಬಾರಿಗೆ ಒಡೆಯಿತು. "ಬಿಟ್ಟು ಓಡಿಹೋಗಬಹುದಿತ್ತು. ಕೂಗಾಡಬಹುದಿತ್ತು. ಬ್ರೆಡ್ಡು ಯಾಕೆ ಮಾಡಿದೆ?"

"ಗೊತ್ತಿಲ್ಲ ಪುಟ್ಟಿ."

"ಗೊತ್ತಿಲ್ಲ ಅಂದ್ರೆ?"

"ನನ್ನಾಣೆ ಗೊತ್ತಿಲ್ಲ. ಕೋರ್ಟಲ್ಲಿ ಕೇಳಿದ್ರು, ಆಗ್ಲೂ ಗೊತ್ತಿರ್ಲಿಲ್ಲ. ಇಷ್ಟು ವಯಸ್ಸಾಯ್ತು, ಇವತ್ತಿಗೂ ಗೊತ್ತಿಲ್ಲ. ಕೈ ಮಾಡ್ತಾ ಹೋಯ್ತು. ನಾನೆಲ್ಲಿದ್ದೆನೋ."

ಮಗಳಿಗೆ ನಂಬಿಕೆ ಬಂತೋ ಇಲ್ಲವೋ ಸಣ್ಣಿಗೆ ತಿಳಿಯಲಿಲ್ಲ. ಹೊರಗಿನಿಂದ ರೇಡಿಯೋ ಮಾವ, "ವ್ಯಾನು ಬಂತು! ವ್ಯಾನು ಬಂತಮ್ಮ!" ಎಂದು ಸಾರಿದ. ಮಗಳು ಬಟ್ಟೆಯನ್ನು ಮಡಚಿ ಒಲೆಯ ಪಕ್ಕದಲ್ಲಿಟ್ಟು ಹೊರಗೆ ಹೋದಳು.

ಅಲ್ಲಿಂದ ಮುಂದೆ ಎಲ್ಲವೂ ಅವಳ ಬಾಯಿಮಾತಿನ ಮೇಲೆ ನಡೆಯಿತು. ತಲೆಯ ಕಡೆ ಯಾರು ಹಿಡಿಯಬೇಕು, ಕಾಲಿನ ಕಡೆ ಯಾರು. "ಮಾವ, ನಿನಗೆ ಸೊಂಟ ನೋವು, ನೀನು ಬಿಡು." ಬಾಗಿಲ ಚೌಕಟ್ಟು ಕಿರಿದು, ಸ್ವಲ್ಪ ಓರೆ ಮಾಡಿ. ಬಾಡಿಗೆ ಕುರ್ಚಿ ಒಯ್ಯಲು ಬಂದವನಿಗೆ ಮೂಲೆಯಲ್ಲಿ ಒಂದು ಮುರಿದದ್ದಿದೆ, ಅದು ಮೊದಲೇ ಮುರಿದಿತ್ತು ಎಂದು ತೋರಿಸಿದಳು. ಎದುರುಮನೆ ಅಜ್ಜಿ ಗೋಳೋ ಎಂದು ಅತ್ತಾಗ, ಅವಳನ್ನು ಕೂರಿಸಿ ನೀರು ಕೊಟ್ಟಳು. ಹೂವು ಹಾಕುವವರು ಹಾಕಿದರು. ವ್ಯಾನಿನ ಹಿಂಬಾಗಿಲು ಮುಚ್ಚಿತು. ಸಣ್ಣಿ ಬಲಗೈಯನ್ನು ಆ ಬಾಗಿಲಿನ ಮೇಲೆ ಇಟ್ಟಳು. ತಗಡು ಬಿಸಿಲಿಗೆ ಕಾದು ಸುಡುತ್ತಿತ್ತು.

ಮಗಳು ಡ್ರೈವರನ ಕಿಟಕಿಯ ಹತ್ತಿರ ಬಗ್ಗಿ ದಾರಿ ಹೇಳುತ್ತಿದ್ದಳು. "ಮುಂದೆ ಸೇತುವೆ ಹತ್ರ ರಸ್ತೆ ಅಗೆದಿದ್ದಾರೆ. ಎಡಕ್ಕೆ ತಗೊಳ್ಳಿ, ಆಸ್ಪತ್ರೆ ಹಿಂದಿನ ದಾರಿ ಹಿಡೀರಿ. ನಿಧಾನ ಹೋಗಿ ಅಣ್ಣ, ಅವಸರ ಏನಿಲ್ಲ." ಹೇಳಿ ಮುಗಿಸಿ, ಮನೆಗೆ ಬೀಗ ಹಾಕಲು ಹಿಂದಿರುಗಿದಳು.

ಡ್ರೈವರ್ ಕನ್ನಡಿಯಲ್ಲಿ ಅವಳನ್ನೇ ನೋಡಿ, ಸಣ್ಣಿಯನ್ನು ಕೇಳಿದ. "ಆಯಮ್ಮ ಹೋದವರಿಗೆ ದೂರದ ನೆಂಟ್ರಾ?"

"ಮಗಳು."

"ಹೌದಾ?" ಅವನು ತಲೆ ಹೊರಗೆ ಹಾಕಿ ಇನ್ನೊಮ್ಮೆ ನೋಡಿದ. "ದಿನಾ ನೋಡ್ತೀನಲ್ಲ ಅಮ್ಮ, ನಮಗೆ ಗೊತ್ತಾಗಿಬಿಡತ್ತೆ. ತಾಯಿ ಕಳಕೊಂಡವರ ಹಾಗೆ ಕಾಣಲ್ಲ."

ಸಣ್ಣಿಯೂ ತಿರುಗಿ ನೋಡಿದಳು.

ಮಗಳು ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಕೀಲಿಕೈಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದಳು. ತಲೆ ಬಾಚಿತ್ತು. ಸೀರೆಯ ನೆರಿಗೆ ನೆಟ್ಟಗಿತ್ತು. ನೆರಿಗೆಯ ಕೆಳಗೆ ಬಲಗಾಲಿನಲ್ಲಿ ಅವಳು ದಿನಾ ಕೆಲಸಕ್ಕೆ ಮೆಟ್ಟಿಕೊಂಡು ಹೋಗುವ ಕಪ್ಪು ಚಪ್ಪಲಿ. ಎಡಗಾಲಿನಲ್ಲಿ ತಾಯಿಯ ನೀಲಿ ರಬ್ಬರಿನದು, ಹಿಮ್ಮಡಿ ಸವೆದದ್ದು, ಎರಡು ಬೆರಳಷ್ಟು ದೊಡ್ಡದು. ಹೊಸ್ತಿಲಾಚೆ ಮೆಟ್ಟಿಕೊಂಡಾಗಿನಿಂದ ಇಷ್ಟು ಜನರ ನಡುವೆ ಅದನ್ನು ಯಾರೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಒಂದು ಹೆಜ್ಜೆಗೆ ಸದ್ದಿಲ್ಲ, ಮರುಹೆಜ್ಜೆಗೆ ಚಪ್ ಎಂಬ ಸದ್ದು. ಹಾಗೆ ಅವಳು ನಡೆದು ಬಂದು, "ಹೊರಡೋಣ ಚಿಕ್ಕಮ್ಮ," ಎಂದಳು. ಸಣ್ಣಿ ಅವಳ ಎಡ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಆ ಸಡಿಲ ಚಪ್ಪಲಿ ಕಾಲಿಂದ ಕಳಚಿ ಬೀಳದ ಹಾಗೆ ನಿಧಾನವಾಗಿ ವ್ಯಾನಿನತ್ತ ನಡೆಸಿದಳು.